ನಿದ್ದೆಯಲ್ಲಿ ಕಟ್ಟಿದ ಪಟ್ಟಿ

ನನ್ನ ಎಡಗಣ್ಣು ಮೂಗಿನ ಕಡೆಗೆ ತಿರುಗಿಕೊಂಡಿತ್ತು. ಹುಟ್ಟುವಾಗ ಹಾಗಿರಲಿಲ್ಲವಂತೆ. ಎರಡು ವರ್ಷ ತುಂಬಿದ ಮೇಲೆ ಒಂದು ಜ್ವರ ಬಂದು ಹೋಯಿತಂತೆ, ಆಮೇಲೆ ನಿಧಾನವಾಗಿ ತಿರುಗಿತಂತೆ. ದೊಡ್ಡಬಳ್ಳಾಪುರದ ನಮ್ಮ ಬೀದಿಯಲ್ಲಿ ಅದಕ್ಕೆ ಮೆಳ್ಳೆಗಣ್ಣು ಅನ್ನುತ್ತಿದ್ದರು, ನನಗೆ ಮೆಳ್ಳಿ ಅನ್ನುತ್ತಿದ್ದರು. ಮೆಳ್ಳೆಗಣ್ಣು ಅದೃಷ್ಟ ಕಣಮ್ಮ, ಬಿಡು ಅಂತ ಬಂದವರೆಲ್ಲ ಅಮ್ಮನಿಗೆ ಹೇಳಿ ಕಾಫಿ ಕುಡಿದು ಹೋಗುತ್ತಿದ್ದರು. ಯಾರ ಅದೃಷ್ಟವೋ ಏನೋ, ನನಗಂತೂ ಅದರಿಂದ ಒಂದು ಪೆಪ್ಪರ್‌ಮೆಂಟೂ ಸಿಗಲಿಲ್ಲ. ಶಾಲೆಯ ಹುಡುಗರು, ಇವಳು ಬೆಂಗಳೂರು ಬಸ್ಸಿಗೆ ಕೈ ಅಡ್ಡ ಹಾಕಿದರೆ ತೂಬಗೆರೆ ಬಸ್ಸು ನಿಲ್ಲುತ್ತದೆ ಅಂತ ನಗುತ್ತಿದ್ದರು. ನಾನು ಮೊದಲು ಅಳುತ್ತಿದ್ದೆ, ಆಮೇಲೆ ಹೊಡೆಯುವುದು ಕಲಿತೆ.

ಅಪ್ಪನವು ಎರಡು ಪವರ್‌ಲೂಮ್ ಮಗ್ಗ. ಮನೆಯ ಮುಂಭಾಗವೆಲ್ಲ ಮಗ್ಗಕ್ಕೆ, ಹಿಂದಿನ ಒಂದು ಕೋಣೆ ಮತ್ತು ಅಡುಗೆಮನೆ ನಮಗೆ. ಕರೆಂಟು ಇರುವಷ್ಟು ಹೊತ್ತು ಆ ಸದ್ದಿನೊಳಗೇ ಊಟ, ಓದು, ಜಗಳ. ಅದಕ್ಕೇ ನಮ್ಮ ಮನೆಯವರೆಲ್ಲರ ಗಂಟಲೂ ದೊಡ್ಡದು. ಅಮ್ಮ ಅಚ್ಚು ಕೆಚ್ಚುವ ಕೆಲಸಕ್ಕೆ ಬೇರೆಯವರ ಮನೆಗಳಿಗೆ ಹೋಗುತ್ತಿದ್ದಳು. ಮಗ್ಗದ ಮೇಲಿನ ಹಾಸು, ಅಂದರೆ ಉದ್ದದ ಎಳೆಗಳು, ಮುಗಿದು ಹೊಸ ಅಚ್ಚು ಏರಿಸುವಾಗ, ಹಳೆಯ ಎಳೆಗಳ ತುದಿಗೆ ಹೊಸ ಎಳೆಗಳ ತುದಿಯನ್ನು ಒಂದೊಂದಾಗಿ ಸೇರಿಸಿ ಬೆರಳಲ್ಲಿ ಹೊಸೆಯಬೇಕು. ಕೂದಲಿಗಿಂತ ತೆಳುವಾದ ರೇಷ್ಮೆ ಎಳೆ, ಒಂದು ಸೀರೆಯಗಲಕ್ಕೆ ಸಾವಿರಾರು. ಒಂದು ಎಳೆ ತಪ್ಪಿದರೂ ಸೀರೆಯುದ್ದಕ್ಕೂ ಗೆರೆ ಬೀಳುತ್ತದೆ. ಅಮ್ಮ ಕೆಚ್ಚಿದ ಅಚ್ಚಿನಲ್ಲಿ ಗೆರೆ ಬಿದ್ದದ್ದನ್ನು ಯಾರೂ ಕಂಡಿರಲಿಲ್ಲ. ಇಂಥ ಕಣ್ಣಿರುವವಳ ಮಗಳಿಗೆ ಹೀಗಾಯಿತಲ್ಲ ಅಂತ ಜನ ಲೊಚಗುಟ್ಟುತ್ತಿದ್ದರು.

ಎಂಬತ್ತರ ದಶಕದ ಕೊನೆಯ ಮಾತು ಇದು. ನಾನು ಒಂದನೇ ತರಗತಿಯಲ್ಲಿದ್ದಾಗ ಶಾಲೆಗೆ ಕಣ್ಣು ಪರೀಕ್ಷೆ ಮಾಡುವವರು ಬಂದರು. ನನ್ನನ್ನು ಸಾಲಿನಿಂದ ಆಚೆ ನಿಲ್ಲಿಸಿ ಒಂದು ಚೀಟಿ ಬರೆದುಕೊಟ್ಟರು. ಅದನ್ನು ಓದಿಸಿಕೊಂಡ ಅಪ್ಪ ಎರಡು ಮಗ್ಗವನ್ನೂ ನಿಲ್ಲಿಸಿ, ಅಮ್ಮನನ್ನೂ ನನ್ನನ್ನೂ ಕರೆದುಕೊಂಡು ಬೆಂಗಳೂರಿನ ದೊಡ್ಡ ಕಣ್ಣಾಸ್ಪತ್ರೆಗೆ ಹೋದರು. ಅಪ್ಪ ಮಗ್ಗ ನಿಲ್ಲಿಸಿದ್ದಾರೆ ಅಂದರೆ ಇದು ಸಣ್ಣ ವಿಷಯವಲ್ಲ ಅಂತ ಆರು ವರ್ಷದ ನನಗೂ ಅರ್ಥವಾಗಿತ್ತು.

ಅಲ್ಲಿನ ಡಾಕ್ಟರು ವಯಸ್ಸಾದವರು, ಸಮಾಧಾನದ ಮನುಷ್ಯ. ನನ್ನ ಬಲಗಣ್ಣು ಮುಚ್ಚಿ ಗೋಡೆಯ ಮೇಲಿನ ಅಕ್ಷರ ಓದು ಅಂದರು. ನನಗೆ ಗೋಡೆಯೇ ಸರಿಯಾಗಿ ಕಾಣಲಿಲ್ಲ. ಆಗ ಅವರು ಅಪ್ಪ ಅಮ್ಮನಿಗೆ ಬಿಡಿಸಿ ಹೇಳಿದರು. ಕಣ್ಣು ತಿರುಗಿರುವುದು ದೊಡ್ಡದಲ್ಲ, ಅದನ್ನು ಯಾವಾಗ ಬೇಕಾದರೂ ಆಪರೇಷನ್ ಮಾಡಿ ನೆಟ್ಟಗೆ ಮಾಡಬಹುದು. ಆದರೆ ಎಡಗಣ್ಣು ಕೆಲಸ ಮಾಡುವುದನ್ನೇ ಬಿಟ್ಟು ಸೋಮಾರಿಯಾಗಿದೆ, ಬಲಗಣ್ಣೇ ಎಲ್ಲ ನೋಡಿಕೊಳ್ಳುತ್ತಿದೆ. ಒಳ್ಳೆಯ ಕಣ್ಣನ್ನು ದಿನಕ್ಕೆ ಆರು ಗಂಟೆ ಪಟ್ಟಿ ಹಾಕಿ ಮುಚ್ಚಿದರೆ, ಬೇರೆ ದಾರಿಯಿಲ್ಲದೆ ಈ ಕಣ್ಣು ನೋಡುವುದು ಕಲಿಯುತ್ತದೆ. ಎಂಟು ವರ್ಷದೊಳಗೆ ಆದರೆ ಆಯಿತು, ಆಮೇಲೆ ದೃಷ್ಟಿ ಬರುವುದು ಕಷ್ಟ. ಹತ್ತಿ ಹೇಗೆ ಇಡಬೇಕು, ಅದರ ಮೇಲೆ ಪ್ಲಾಸ್ಟರ್ ಹೇಗೆ ಅಂಟಿಸಬೇಕು ಅಂತ ನರ್ಸು ತೋರಿಸಿಕೊಟ್ಟಳು. ಹಗಲು ಅನ್ನುವ ಮಾತನ್ನು ಅವರು ಬಾಯಿ ಬಿಟ್ಟು ಹೇಳಿದರೋ ಇಲ್ಲವೋ ನನಗೆ ನೆನಪಿಲ್ಲ. ಹೇಳಬೇಕಾದ ಮಾತು ಅಂತ ಅವರಿಗೆ ಅನ್ನಿಸಿರಲಾರದು.

ಮೊದಲ ವಾರ ಅಮ್ಮ ಹಗಲೇ ಕಟ್ಟಿದಳು. ಎಡಗಣ್ಣಿನ ಲೋಕ ಕತ್ತಲೆಯಲ್ಲ, ಆದರೆ ಅದರಲ್ಲಿ ಯಾವುದಕ್ಕೂ ಅಂಚು ಇರಲಿಲ್ಲ. ಎದುರಿಗೆ ಒಂದು ಮುಖ ಇದೆ ಅಂತ ಗೊತ್ತಾಗುತ್ತಿತ್ತು, ಯಾರ ಮುಖ ಅಂತ ಗೊತ್ತಾಗುತ್ತಿರಲಿಲ್ಲ. ಬಾಗಿಲ ಚೌಕಟ್ಟಿಗೆ ಹಣೆ ಹೊಡೆಸಿಕೊಂಡೆ, ತಟ್ಟೆಯ ಆಚೆ ಕೈ ಇಟ್ಟು ಅನ್ನ ಹುಡುಕಿದೆ. ಶಾಲೆಯಲ್ಲಿ ಟೀಚರು, ಇವಳಿಗೆ ಬೋರ್ಡೂ ಕಾಣಲ್ಲ ಸ್ಲೇಟೂ ಕಾಣಲ್ಲ, ಕಟ್ಟಿ ಕಳಿಸಬೇಡಿ ಅಂತ ಹೇಳಿ ಕಳಿಸಿದರು. ಮನೆಯಲ್ಲಿರೋಣ ಅಂದರೆ ಮಗ್ಗ. ನೂಲು ಹೊತ್ತು ಅತ್ತಿತ್ತ ಓಡುವ ಲಾಳಿ ಒಂದು ಸಲ ಹಾರಿ ಪಕ್ಕದ ಮನೆಯ ಹೆಂಗಸಿನ ದವಡೆಗೆ ಬಡಿದಿತ್ತು. ಕಣ್ಣು ಕಟ್ಟಿದ ಮಗುವನ್ನು ಮಗ್ಗದ ಹತ್ತಿರ ಬಿಡಬೇಡ ಅಂತ ಅಪ್ಪ ಖಡಾಖಂಡಿತವಾಗಿ ಹೇಳಿಬಿಟ್ಟರು.

ಉಳಿದದ್ದು ಅಮ್ಮನ ಜೊತೆ ಹೋಗುವುದು. ಶಾಲೆ ಬಿಟ್ಟ ಮೇಲೆ ಅವಳು ಕೆಲಸ ಮಾಡುವ ಮನೆಗೆ ಹೋಗಿ, ಅಲ್ಲೇ ಪಟ್ಟಿ ಹಾಕಿಸಿಕೊಂಡು ಅವಳ ಪಕ್ಕ ಕೂರುತ್ತಿದ್ದೆ. ಎರಡನೆಯ ದಿನವೋ ಮೂರನೆಯ ದಿನವೋ ಒಬ್ಬ ಮನೆಯಾಕೆ ಅಮ್ಮನನ್ನು ಅಡುಗೆಮನೆಗೆ ಕರೆದು ಮಾತಾಡಿದಳು. ಹೊಸ ಅಚ್ಚಿಗೆ ಅರಿಶಿನ ಕುಂಕುಮ ಇಟ್ಟು ಊದುಬತ್ತಿ ಹಚ್ಚಿದ್ದಾರೆ, ಎದುರಿಗೆ ಒಂದೇ ಕಣ್ಣು ಬಿಟ್ಟುಕೊಂಡು ಮಗು ಕೂತಿದೆ. ಮೆಳ್ಳೆಗಣ್ಣಾದರೆ ಅದೃಷ್ಟ, ಒಕ್ಕಣ್ಣು ಎದುರಾದರೆ ಅಪಶಕುನ. ಆಕೆ ಕೆಟ್ಟವಳಲ್ಲ, ನನ್ನ ಕೈಗೆ ಒಂದು ಬಾಳೆಹಣ್ಣು ಕೊಟ್ಟೇ ಈ ಮಾತು ಹೇಳಿದಳು. ಆದರೆ ಅಮ್ಮನಿಗೆ ದಿನಾ ಯಾರದಾದರೂ ಮನೆಯಲ್ಲಿ ಹೊಸ ಅಚ್ಚೇ. ಹೊಸ ಅಚ್ಚಿಲ್ಲದ ಮನೆಯಲ್ಲಿ ಅವಳಿಗೆ ಕೆಲಸವೇ ಇಲ್ಲ.

ಹೀಗೆ ಶಾಲೆಯಲ್ಲಿ ಬೇಡ, ಮನೆಯಲ್ಲಿ ಬೇಡ, ಕೆಲಸದ ಮನೆಯಲ್ಲಿ ಬೇಡ ಅಂತಾಗಿ ಅಮ್ಮ ಒಂದು ದಾರಿ ಕಂಡುಕೊಂಡಳು. ನಾನು ಹಾಸಿಗೆಗೆ ಬಿದ್ದ ಮೇಲೆ ಕಟ್ಟುವುದು, ಬೆಳಿಗ್ಗೆ ಎದ್ದ ತಕ್ಷಣ ತೆಗೆಯುವುದು. ಡಾಕ್ಟರು ಹೇಳಿದ್ದು ಆರು ಗಂಟೆ, ಇದು ಎಂಟು ಗಂಟೆಗೂ ಮೇಲಾಗುತ್ತಿತ್ತು. ಕಾಲು ಉಳುಕಿದರೆ ರಾತ್ರಿ ಪಟ್ಟು ಹಾಕಿ ಮಲಗಿದರೆ ಬೆಳಿಗ್ಗೆ ಇಳಿದಿರುತ್ತದೆ, ಕಣ್ಣಿಗೆ ಕಟ್ಟಿದ್ದು ಮಾತ್ರ ಯಾಕೆ ಕೆಲಸ ಮಾಡುವುದಿಲ್ಲ? ಅವಳ ಲೆಕ್ಕ ಅದು. ಅವಳನ್ನು ಈಗ ಬಯ್ಯುವುದು ಸುಲಭ. ಆ ಲೆಕ್ಕ ನನಗೂ ಸರಿಯಾಗಿಯೇ ಕಂಡಿತ್ತು. ಹಣೆ ಹೊಡೆಸಿಕೊಳ್ಳುವುದು ತಪ್ಪಿತಲ್ಲ ಅಂತ ಖುಷಿಯೂ ಆಗಿತ್ತು.

ಎರಡು ವರ್ಷಕ್ಕೆ ಹತ್ತಿರ ಹೀಗೆ ನಡೆಯಿತು. ಹಬ್ಬ ಬಿಡಲಿಲ್ಲ, ನೆಂಟರ ಮನೆ ಬಿಡಲಿಲ್ಲ. ದೊಡ್ಡಬೆಳವಂಗಲದ ಹತ್ತಿರ ಒಂದು ಮದುವೆಗೆ ಹೋದಾಗ ಸಾಲಾಗಿ ಮಲಗಿದ್ದ ಮಕ್ಕಳ ನಡುವೆ ನನ್ನ ತಲೆ ಹುಡುಕಿ ಕಟ್ಟಿದಳು. ಬೆಳಿಗ್ಗೆ ಪ್ಲಾಸ್ಟರ್ ಬಿಡಿಸುವಾಗ ಹುಬ್ಬಿನ ಕೂದಲು ಬರಬಾರದು ಅಂತ ಕೊಬ್ಬರಿ ಎಣ್ಣೆ ಸವರಿ, ಎಳೆ ಬಿಡಿಸುವ ಅದೇ ನಿಧಾನದಲ್ಲಿ ಬಿಡಿಸುತ್ತಿದ್ದಳು. ಮಧ್ಯೆ ಒಮ್ಮೆ ಆಸ್ಪತ್ರೆಗೆ ಹೋದಾಗ ಬೇರೆ ಯಾರೋ ಡಾಕ್ಟರಿದ್ದರು. ಕಟ್ತಿದ್ದೀರಾ ಅಂದರು, ಕಟ್ತಿದ್ದೀನಿ ಅಂದಳು, ಮುಂದುವರಿಸಿ ಅಂದರು. ಅಮ್ಮ ಬಸ್ಸಿನಲ್ಲಿ ಬರುವಾಗ ತುಂಬ ಹಗುರವಾಗಿದ್ದಳು, ನನಗೆ ಕಡಲೆಕಾಯಿ ಕೊಡಿಸಿದಳು.

ನನಗೆ ಎಂಟು ದಾಟಿದಾಗ ಮತ್ತೆ ಮೂವರೂ ಹೋದೆವು. ಈ ಸಲ ಮೊದಲಿನ ಆ ಹಿರಿಯ ಡಾಕ್ಟರೇ. ಬಲಗಣ್ಣು ಮುಚ್ಚಿ ಓದಿಸಿದರು. ಗೋಡೆ ಮೊದಲು ಹೇಗಿತ್ತೋ ಹಾಗೇ ಇತ್ತು. ಅವರು ಎರಡು ಸಲ ನೋಡಿದರು, ಕಾಗದ ತಿರುಗಿಸಿ ನೋಡಿದರು. ಆಮೇಲೆ ನನ್ನನ್ನು ಹತ್ತಿರ ಕರೆದು, ಪಟ್ಟಿ ಹಾಕಿಕೊಂಡು ಏನೇನು ಆಟ ಆಡ್ತೀಯ ಪುಟ್ಟಿ ಅಂತ ಕೇಳಿದರು. ನನಗೆ ಪ್ರಶ್ನೆಯೇ ಅರ್ಥವಾಗಲಿಲ್ಲ. ಮಲಗ್ತೀನಿ ಅಂದೆ.

ಡಾಕ್ಟರು ಕೈಯಲ್ಲಿದ್ದ ಟಾರ್ಚು ಕೆಳಗಿಟ್ಟರು. ನಿದ್ದೆಯಲ್ಲಿ ಕಣ್ಣು ಏನಮ್ಮ ನೋಡುತ್ತೆ, ಎಚ್ಚರ ಇದ್ದಾಗ ಕಟ್ಟೇ ಇಲ್ಲವಾ ಅಂದರು. ನಾನು ಅಮ್ಮನ ಕಡೆ ನೋಡಿದೆ. ಆ ಮುಖ ನನಗೆ ಚೆನ್ನಾಗಿ ನೆನಪಿದೆ, ಯಾಕೆಂದರೆ ಅದನ್ನು ಬಲಗಣ್ಣಿನಲ್ಲಿ ನೋಡಿದೆ. ಎರಡು ವರ್ಷದ ಒಂದೊಂದು ರಾತ್ರಿಯೂ ಆ ಒಂದು ಮಾತಿನಲ್ಲಿ ಸುಳ್ಳಾಗಿ ಹೋದದ್ದು ಅವಳಿಗೆ ಗೊತ್ತಾಯಿತು. ಪಕ್ಕದಲ್ಲಿ ಅಪ್ಪ ನಿಂತಿದ್ದರು. ಹಗಲು ಕೆಲಸದ ಮನೆಯಲ್ಲೂ ಪಟ್ಟಿ ಕಟ್ಟುತ್ತಾಳೆ ಅಂತಲೇ ಮಗ್ಗದ ಮುಂದಿನ ಅವರು ತಿಳಿದಿದ್ದರು.

“ಹಗಲೂ ಕಟ್ತೀನಿ ಸಾರ್” ಅಂದಳು ಅಮ್ಮ. “ಇವ್ಳೇ ಕಿತ್ತು ಕಿತ್ತು ಬಿಸಾಕ್ತಾಳೆ.”

ಡಾಕ್ಟರು ನನ್ನನ್ನು ಬಯ್ದರು. ಜೋರಾಗಿ ಏನಲ್ಲ, ಆದರೆ ಬೇಸರದಿಂದ. ಅಪ್ಪ ನನ್ನ ಕಡೆ ತಿರುಗಿ ನೋಡಿದರು, ಹೊಡೆಯಲಿಲ್ಲ. ಹೊಡೆದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ನಾನು ಇಲ್ಲ ಅನ್ನಬಹುದಿತ್ತು. ಅಮ್ಮ ಸುಳ್ಳು ಹೇಳಿದ್ದನ್ನು ನಾನು ಅದೇ ಮೊದಲು ಕೇಳಿದ್ದು, ಅದೂ ನನ್ನ ಮೇಲೆ. ಎಲ್ಲೋ ನಾನೇ ಕಿತ್ತಿರಬೇಕು, ಮರೆತಿರಬೇಕು ಅಂತ ಒಂದು ಕ್ಷಣ ನಂಬಿದೆ ಕೂಡ. ಬಸ್ಸು ರಾಜಾನುಕುಂಟೆ ದಾಟುವ ಹೊತ್ತಿಗೆ ನಂಬಿಕೆ ಹೋಗಿ ಸಿಟ್ಟು ಬಂದಿತ್ತು. ಆ ಸಿಟ್ಟು ಹತ್ತು ವರ್ಷ ಇತ್ತು.

ಡಾಕ್ಟರು ಇನ್ನೊಂದು ಮಾತು ಹೇಳಿ ಕಳಿಸಿದ್ದರು. ಕಾಲ ಮೀರುತ್ತಾ ಬಂದಿದೆ, ಆದರೆ ಪೂರ್ತಿ ಮೀರಿಲ್ಲ. ಬೇಸಿಗೆ ರಜ ಬರುತ್ತದಲ್ಲ, ಆ ಎರಡು ತಿಂಗಳು ಹಗಲೆಲ್ಲ ಕಟ್ಟಿ, ಕಣ್ಣಿಗೆ ಹತ್ತಿರದ ಕೆಲಸ ಕೊಡಿ, ಒಂದಿಷ್ಟು ದೃಷ್ಟಿ ಬಂದರೂ ಬರಬಹುದು.

ಆ ಬೇಸಿಗೆ ಅಮ್ಮ ಕೆಲಸಕ್ಕೆ ಹೋಗಲಿಲ್ಲ. ಕರೆಯಲು ಬಂದವರಿಗೆಲ್ಲ ಕೈ ನೋವು ಅಂದಳು. ಬೆಳಿಗ್ಗೆ ಏಳಕ್ಕೆ ಪಟ್ಟಿ ಹಾಕಿ, ಹಿಂದಿನ ಕೋಣೆಯಲ್ಲಿ ಕೂರಿಸಿ, ಮುಂದೆ ಮೊರದಲ್ಲಿ ಅಕ್ಕಿ ಇಟ್ಟು ಕಲ್ಲು ಆರಿಸು ಅನ್ನುತ್ತಿದ್ದಳು. ಕನಕಾಂಬರ ತಂದು ಕಟ್ಟು ಅನ್ನುತ್ತಿದ್ದಳು. ಮುದ್ದು ಮಾಡುತ್ತಿದ್ದಳು, ಬೆಲ್ಲ ಕೊಡುತ್ತಿದ್ದಳು, ಪಕ್ಕದಲ್ಲೇ ಕೂತು ಕಥೆ ಹೇಳುತ್ತಿದ್ದಳು. ಅವಳು ನೀರಿಗೆಂದು ನಲ್ಲಿಯ ಹತ್ತಿರ ಹೋದ ತಕ್ಷಣ ನಾನು ಪಟ್ಟಿ ಕಿತ್ತೆ.

ಹೌದು, ಈ ಸಲ ನಿಜವಾಗಿ ಕಿತ್ತೆ. ಹೇಗೂ ಕಿತ್ತವಳು ಅಂತ ಹೆಸರು ಬಂದಿದೆಯಲ್ಲ, ಮಾಡದೆ ಯಾಕೆ ಅನ್ನಿಸಿಕೊಳ್ಳಲಿ? ಎಂಟು ವರ್ಷದ ತಲೆಗೆ ಇದು ಪೂರ್ತಿ ನ್ಯಾಯವಾಗಿ ಕಂಡಿತ್ತು. ಅವಳು ಬರುವ ಹೆಜ್ಜೆ ಕೇಳಿದಾಗ ಮತ್ತೆ ಒತ್ತಿ ಅಂಟಿಸುತ್ತಿದ್ದೆ. ಧೂಳು ಹಿಡಿದು ಅದು ಅಂಟುತ್ತಿರಲಿಲ್ಲ, ಕೆನ್ನೆಯ ಮೇಲೆ ಜೋತು ಬೀಳುತ್ತಿತ್ತು. ಅಮ್ಮ ಬಿಂದಿಗೆ ಇಳಿಸಿ ನನ್ನನ್ನು ನೋಡುತ್ತಿದ್ದಳು. ಬಯ್ಯುತ್ತಾಳೆ ಅಂತ ನಾನು ಕಾಯುತ್ತಿದ್ದೆ, ಬಯ್ದರೆ ಉತ್ತರ ಕೊಡಲು ಮಾತು ಜೋಡಿಸಿಕೊಂಡಿದ್ದೆ. ಅವಳು ಬಯ್ಯಲಿಲ್ಲ. ಹೊಸ ಪ್ಲಾಸ್ಟರ್ ಕತ್ತರಿಸಿ ಅಂಟಿಸಿ, ಮೊರವನ್ನು ನನ್ನ ಮುಂದಕ್ಕೆ ತಳ್ಳಿ ಒಲೆಯ ಹತ್ತಿರ ಹೋಗುತ್ತಿದ್ದಳು. ನಾನು ಮತ್ತೆ ಕೀಳುತ್ತಿದ್ದೆ. ರಜ ಮುಗಿದು ಆಸ್ಪತ್ರೆಗೆ ಹೋದಾಗ ಡಾಕ್ಟರು ನೋಡಿ, ಇನ್ನು ಕಟ್ಟುವುದು ಬೇಡ ಬಿಡಿ ಅಂದರು.

ಆಮೇಲೆ ಮನೆಯಲ್ಲಿ ಅದೊಂದು ಹೇಳಿಕೆಯಾಗಿ ನಿಂತಿತು. ನೆಂಟರು ಯಾರಾದರೂ ಕೇಳಿದರೆ ಅಪ್ಪ, ಎಲ್ಲ ಮಾಡಿಸಿದ್ವಿ, ಇವಳೇ ಪಟ್ಟಿ ಕಿತ್ತು ಕಿತ್ತು ಹಾಳು ಮಾಡಿಕೊಂಡಳು ಅನ್ನುತ್ತಿದ್ದರು. ಆ ಮಾತು ಬಂದಾಗಲೆಲ್ಲ ಅಮ್ಮ ಎದ್ದು ಒಳಗೆ ಹೋಗುತ್ತಿದ್ದಳು. ನಾನು ಅವಳ ಬೆನ್ನು ನೋಡುತ್ತಿದ್ದೆ. ದೊಡ್ಡವಳಾಗುತ್ತಾ ಅವಳ ಜೊತೆ ಸಣ್ಣಸಣ್ಣದಕ್ಕೂ ಎಗರಾಡಿದೆ. ಉಪ್ಪು ಜಾಸ್ತಿಯಾಯಿತು ಅಂತ ತಟ್ಟೆ ತಳ್ಳಿದೆ, ಜಡೆ ಬಿಗಿಯಾಯಿತು ಅಂತ ಕಿರುಚಿದೆ. ಸಿಟ್ಟು ಯಾವುದಕ್ಕೆ ಅಂತ ನಮ್ಮಿಬ್ಬರಿಗೂ ಗೊತ್ತಿತ್ತು.

ಪಿಯುಸಿ ಮುಗಿಸಿ ಒಂದು ಸೀರೆ ಅಂಗಡಿಗೆ ಕೆಲಸಕ್ಕೆ ಸೇರಿದೆ. ಸೀರೆ ಬಿಚ್ಚಿ ತೋರಿಸುವುದು, ಮಡಚಿ ಇಡುವುದು. ನಾನು ಒಬ್ಬರನ್ನು ನೋಡಿ ಬಣ್ಣ ಹೇಳಿದರೆ ಪಕ್ಕದಲ್ಲಿ ಕೂತವರು ಉತ್ತರ ಕೊಡುತ್ತಿದ್ದರು. ಒಂದು ಮದುವೆ ಜವಳಿಗೆ ಬಂದವರಲ್ಲಿ ಒಬ್ಬಾಕೆ ಮುಸಿಮುಸಿ ನಕ್ಕಳು. ಮಾರನೆಯ ದಿನ ಅಂಗಡಿಯವರು ನನ್ನನ್ನು ಹಿಂದಿನ ಕೋಣೆಗೆ, ಸೀರೆಗೆ ಚೀಟಿ ಅಂಟಿಸುವ ಕೆಲಸಕ್ಕೆ ಹಾಕಿದರು. ಅಂದು ಸಂಜೆ ಮನೆಗೆ ಬಂದು, ಕಣ್ಣು ನೆಟ್ಟಗೆ ಮಾಡಿಸಿಕೊಂಡು ಬರ್ತೀನಿ, ಯಾರು ಬಂದರೂ ಬರದಿದ್ದರೂ ಸರಿ ಅಂದೆ. ಅಮ್ಮ ಸೀರೆ ಬದಲಾಯಿಸಿ ಚೀಲ ತೆಗೆದಿಟ್ಟಳು. ಹೋಗುವುದು ನಾಳೆ ಅಂತ ನಾನೇ ಹೇಳಬೇಕಾಯಿತು.

ಈ ಸಲ ಡಾಕ್ಟರು ಒಬ್ಬ ಹೆಂಗಸು, ವಯಸ್ಸು ಕಮ್ಮಿ, ಬೇಗಬೇಗ ಮಾತಾಡುವವರು. ಆಪರೇಷನ್ ಮಾಡಬಹುದು, ನೋಟಕ್ಕೆ ಚೆನ್ನಾಗಿರುತ್ತೆ, ಆದರೆ ಆ ಕಣ್ಣಿಗೆ ದೃಷ್ಟಿ ಬರಲ್ಲ, ಅದು ತಿಳಿದಿರಲಿ ಅಂದರು. ತಿಳಿದಿದೆ ಅಂದೆ. ಚಿಕ್ಕವಳಿದ್ದಾಗ ಪಟ್ಟಿ ಹಾಕಿದ್ದರಾ ಅಂತ ಕೇಳಿದರು. ಹಾಕಿದ್ದರು, ನಾನೇ ಕಿತ್ತು ಹಾಕ್ತಿದ್ದೆ ಅಂದುಬಿಟ್ಟೆ. ಅಷ್ಟು ವರ್ಷ ಕೇಳಿ ಕೇಳಿ ಅದು ನನ್ನ ನಾಲಿಗೆಯಲ್ಲೂ ಕೂತಿತ್ತು.

“ಅವ್ಳು ಕೀಳ್ಲಿಲ್ಲ ಮೇಡಂ” ಅಂದಳು ಅಮ್ಮ. ಅಲ್ಲಿಯವರೆಗೆ ಗೋಡೆಗೆ ಒರಗಿ ನಿಂತಿದ್ದವಳು ಮೇಜಿನ ಹತ್ತಿರ ಬಂದಿದ್ದಳು. “ನಾನು ನಿದ್ದೇಲಿ ಕಟ್ತಿದ್ದೆ. ಡಾಕ್ಟ್ರು ಕೇಳ್ದಾಗ ಅವ್ಳ ಮೇಲೆ ಸುಳ್ಳು ಹೇಳ್ದೆ. ತಪ್ಪು ನಂದು, ಹಾಗಂತ ಬರ್ಕೊಳ್ಳಿ.”

ಡಾಕ್ಟರಿಗೆ ಗಲಿಬಿಲಿಯಾಯಿತು. ಅದರಿಂದ ಈಗ ಏನೂ ವ್ಯತ್ಯಾಸ ಆಗಲ್ಲಮ್ಮ ಅಂದರು. ಅಮ್ಮ ಅಲ್ಲಾಡಲಿಲ್ಲ, ಬರ್ಕೊಳ್ಳಿ ಅಂತ ಇನ್ನೊಂದು ಸಲ ಹೇಳಿದಳು. ಅವರು ಕಾಗದದಲ್ಲಿ ಏನೋ ಗೀಚಿ ನನ್ನ ಕೈಗೆ ಕೊಟ್ಟು ಮುಂದಿನವರನ್ನು ಕರೆದರು. ಹೊರಗೆ ಬೆಂಚಿನ ಮೇಲೆ ಕೂತಾಗ ಅಮ್ಮ ಮೊದಲು ಕೇಳಿದ್ದು, ಬರೆದಿದ್ದಾರಾ ಓದು ಅಂತ. ಅವಳಿಗೆ ಇಂಗ್ಲಿಷ್ ಬರುತ್ತಿರಲಿಲ್ಲ. ಚಿಕ್ಕಂದಿನಲ್ಲಿ ಪಟ್ಟಿ ಹಾಕಿ ಫಲ ಸಿಕ್ಕಿಲ್ಲ ಅಂತ ಒಂದು ಸಾಲಿತ್ತು, ಅಷ್ಟೇ. ಯಾರ ತಪ್ಪೂ ಅದರಲ್ಲಿರಲಿಲ್ಲ. ನಾನು, ಬರೆದಿದ್ದಾರೆ ಅಂದೆ. ನನ್ನ ತಪ್ಪು ಅಂತಾನೇ ಬರೆದಿದ್ದಾರಾ ಅಂದಳು. ಹೂಂ ಅಂದೆ. ಅವಳು ಸೆರಗಿನಲ್ಲಿ ಮುಖ ಒರೆಸಿಕೊಂಡು, ಬಾ, ಏನಾದರೂ ತಿನ್ನು ಅಂದಳು. ತಪ್ಪು ನಂದು ಅನ್ನುವ ಅವಳ ಮಾತಿಗೆ ನಾನು ಹತ್ತು ವರ್ಷ ಕಾದಿದ್ದೆ. ಬಂದಾಗ ನನಗೆ ಸಂತೋಷವಾಗಲಿಲ್ಲ, ಹೆದರಿಕೆಯಾಯಿತು. ಆ ಬೇಸಿಗೆಯ ನನ್ನ ಪಾಲನ್ನೂ ಅವಳು ತನ್ನ ತಲೆಗೇ ಹಾಕಿಕೊಂಡಳು, ನಾನು ಸುಮ್ಮನೆ ಹಾಕಿಕೊಳ್ಳಲು ಬಿಟ್ಟೆ.

ಅದೇ ದಿನ ಸಂಜೆ ಅವಳು ಅಪ್ಪನಿಗೂ ಹೇಳಿದಳು. ಅಪ್ಪ ಮಗ್ಗ ಆಫ್ ಮಾಡಿ ಪೂರ್ತಿ ಕೇಳಿಸಿಕೊಂಡರು. ಆಮೇಲೆ ಮತ್ತೆ ಆನ್ ಮಾಡಿದರು. ಅವತ್ತಿನಿಂದ ಅವರ ಬಾಯಲ್ಲಿ ಆ ಹಳೆಯ ಹೇಳಿಕೆ ಬರಲಿಲ್ಲ.

ಆಪರೇಷನ್ ಆಯಿತು. ಒಂದು ವಾರ ಕಣ್ಣು ಕೆಂಡದ ಹಾಗಿತ್ತು, ಆಮೇಲೆ ಕೆಂಪು ಇಳಿದು ನೆಟ್ಟಗೆ ಕೂತಿತು. ಅಂಗಡಿಯವರು ಮತ್ತೆ ಮುಂದಕ್ಕೆ ಕರೆದರು. ಕನ್ನಡಿ ನೋಡಿ ನೋಡಿ ನನಗೇ ನಾಚಿಕೆಯಾಗುವಷ್ಟು ನೋಡಿದೆ. ಬೀದಿಯವರು ಬಂದು ಹೊಗಳಿದರು. ದೃಷ್ಟಿಯೂ ಬಂತಾ ಅಂತ ಯಾರಾದರೂ ಕೇಳಿದರೆ ಸಾಕು, ಅಮ್ಮ ನಿದ್ದೆಯಲ್ಲಿ ಪಟ್ಟಿ ಕಟ್ಟಿದ ಕಥೆ ಶುರು ಮಾಡುತ್ತಿದ್ದಳು. ನನ್ನ ಕೈಯಾರೆ ಮಗಳ ಕಣ್ಣು ಹೋಯಿತು ಅನ್ನುತ್ತಿದ್ದಳು. ಹಾಲು ಹಾಕುವವನಿಗೂ ಹೇಳಿದಳು. ಆ ಮಾತು ಬಂದಾಗ ಎದ್ದು ಒಳಗೆ ಹೋಗುವುದು ಈಗ ನನ್ನ ಸರದಿಯಾಯಿತು.

ಮೂರು ತಿಂಗಳು ತಡೆದೆ. ಒಂದು ಮಧ್ಯಾಹ್ನ ಕರೆಂಟು ಹೋಗಿತ್ತು, ಅಪ್ಪ ಊಟಕ್ಕೆ ಎದ್ದಿದ್ದರು. ಅಮ್ಮ ನಮ್ಮದೇ ಮಗ್ಗದಲ್ಲಿ ಅಚ್ಚು ಕೆಚ್ಚುತ್ತಿದ್ದಳು. ಎದುರಿಗೆ ಕೂತು ಹೇಳಿದೆ. ಆ ಬೇಸಿಗೆ ನೀನು ನೀರಿಗೆ ಹೋದಾಗಲೆಲ್ಲ ನಾನು ಪಟ್ಟಿ ಕೀಳುತ್ತಿದ್ದೆ, ಬೇಕೆಂದೇ ಕೀಳುತ್ತಿದ್ದೆ. ಕಟ್ಟಿಕೊಂಡಿದ್ದರೆ ಒಂದಿಷ್ಟು ಕಾಣುತ್ತಿತ್ತೋ ಏನೋ. ಇನ್ನು ಊರಿಗೆಲ್ಲ ಹೇಳಿಕೊಂಡು ತಿರುಗಬೇಡ.

ಅಮ್ಮನ ಬೆರಳು ನಿಲ್ಲಲಿಲ್ಲ. ಒಂದು ಎಳೆ ಹೊಸೆದು, ಇನ್ನೊಂದು ಎತ್ತಿಕೊಂಡಳು.

“ಗೊತ್ತಿತ್ತು ಕಣೆ” ಅಂದಳು. “ಎಷ್ಟೋ ಸಲ ನೀರು ಬೇಕಿಲ್ದಿದ್ರೂ ಬಿಂದಿಗೆ ಎತ್ಕೊಂಡು ಹೋಗ್ತಿದ್ದೆ. ನೀನು ಕಿತ್ರೆ, ನಾನು ಡಾಕ್ಟ್ರಿಗೆ ಹೇಳಿದ್ದು ಸುಳ್ಳಲ್ಲ ಅಂತ ಆಗುತ್ತಲ್ಲ ಅಂತ.”

ನಾನು ಎದ್ದು ಹೋಗಲಿಲ್ಲ. ಬಯ್ಯಬೇಕು ಅನ್ನಿಸಿತು, ಬಯ್ಯಲು ನನಗೂ ಮುಖವಿರಲಿಲ್ಲ. ಅಪ್ಪ ಕೈ ತೊಳೆದು ಬರುವವರೆಗೆ ಇಬ್ಬರೂ ಅಲ್ಲೇ ಕೂತಿದ್ದೆವು, ಅವಳು ಕೆಚ್ಚುತ್ತಾ, ನಾನು ಅಳುತ್ತಾ. ನೀರು ಎರಡು ಕಣ್ಣಿಂದಲೂ ಬರುತ್ತಿತ್ತು.